ಬಾರ್‌ನೊಳಗಿನ ಹೊಗೆ ನಿಲ್ಲಿಸುವುದು ಹೇಗೆ: ಕಲಬುರಗಿಯ ಬಾರ್ ನಡೆಸುವವರಿಗೆ

ಬಾರ್‌ನಲ್ಲಿ ಗಿರಾಕಿ ಒಂದು ತಾಸು ಕೂತು ಎದ್ದು ಹೋಗುತ್ತಾನೆ. ಸಪ್ಲೈಯರ್ ಹುಡುಗ ಬೆಳಿಗ್ಗೆಯಿಂದ ರಾತ್ರಿ ಅಂಗಡಿ ಮುಚ್ಚುವತನಕ ಅದೇ ಗಾಳಿ ಉಸಿರಾಡುತ್ತಾನೆ. ಒಂದು ಸಿಗರೇಟನ್ನೂ ಮುಟ್ಟದ ಅವನ ಎದೆಗೆ ಇಡೀ ಹಾಲ್‌ನ ಹೊಗೆ ಹೋಗುತ್ತದೆ. ಆ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ‘ಇಷ್ಟಾದರೆ ನಡೆಯುತ್ತದೆ’ ಎನ್ನುವ ಸುರಕ್ಷಿತ ಪ್ರಮಾಣವೇ ಅದಕ್ಕಿಲ್ಲ.

ಕಾನೂನು ಇಷ್ಟು. 2008ರ ಅಕ್ಟೋಬರ್ 2ರಿಂದ ಬಾರ್, ರೆಸ್ಟೋರೆಂಟ್, ಕ್ಲಬ್ ಒಳಗೆ ಸೇದುವುದು ದೇಶದಾದ್ಯಂತ ಅಪರಾಧ. ದಂಡ 200 ರೂಪಾಯಿ ಇತ್ತು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅದನ್ನು 1,000ಕ್ಕೆ ಏರಿಸಿತು, ತಂಬಾಕು ಕೊಳ್ಳುವ ವಯಸ್ಸನ್ನು 21 ಮಾಡಿತು. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು, ಜೊತೆಗೆ 50,000ದಿಂದ ಒಂದು ಲಕ್ಷದವರೆಗೆ ದಂಡ. ಬಿಡಿ ಸಿಗರೇಟು ಮಾರುವಂತಿಲ್ಲ. ಹಾಗಾಗಿ ಸಪ್ಲೈಯರ್ ಕೈಲಿ ಪಾನ್ ಡಬ್ಬಾದಿಂದ ಒಂದೊಂದೇ ತರಿಸಿಕೊಡುವ ರೂಢಿಯನ್ನು ಮೊದಲು ನಿಲ್ಲಿಸಿ. ಒಳಗೆ ಸೇದಿದ ದೂರು ಬಂದು ಮಾಲೀಕ ಸುಮ್ಮನಿದ್ದರೆ, ಎಷ್ಟು ಮಂದಿ ಸೇದಿದರೋ ಅಷ್ಟು ದಂಡ ಮಾಲೀಕನಿಗೂ ಬೀಳುತ್ತದೆ.

ಬೋರ್ಡ್ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ, ಬಿಳಿ ಹಿನ್ನೆಲೆ. ಮೇಲೆ ಕನಿಷ್ಠ 15 ಸೆಂಟಿಮೀಟರ್ ವ್ಯಾಸದ ವೃತ್ತ, ಅದಕ್ಕೆ 3 ಸೆಂಟಿಮೀಟರ್ ಕೆಂಪು ಅಂಚು, ನಡುವೆ ಕೆಂಪು ಪಟ್ಟಿ ಅಡ್ಡಬಿದ್ದ ಸಿಗರೇಟು ಇಲ್ಲವೆ ಬೀಡಿಯ ಚಿತ್ರ. ಕೆಳಗೆ ‘ಧೂಮಪಾನ ನಿಷೇಧಿತ ಪ್ರದೇಶ – ಇಲ್ಲಿ ಧೂಮಪಾನ ಮಾಡುವುದು ಅಪರಾಧ’ ಎಂದಿರಬೇಕು. ಬಾಗಿಲಲ್ಲೊಂದು, ಪ್ರತಿ ಮಹಡಿಗೆ ಮತ್ತು ಮೆಟ್ಟಿಲಿಗೆ ಒಂದೊಂದು. ದೂರು ಯಾರಿಗೆ ಹೇಳಬೇಕು ಎಂಬ ಹೆಸರನ್ನೂ ಹಾಕಬೇಕು. ಟೇಬಲ್ ಮೇಲಿನ ಆ್ಯಶ್‌ಟ್ರೇ, ಬೆಂಕಿಪೊಟ್ಟಣ, ಗಲ್ಲಾದಲ್ಲಿ ಕಟ್ಟಿದ ಲೈಟರ್ ಎಲ್ಲವನ್ನೂ ತೆಗೆಯಿರಿ. ಬೋರ್ಡ್ ಹಾಕಿ ಆ್ಯಶ್‌ಟ್ರೇ ಉಳಿಸಿದರೆ ಗಿರಾಕಿ ನಂಬುವುದು ಆ್ಯಶ್‌ಟ್ರೇಯನ್ನೇ.

ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. ಸಾಲದು. ಫ್ಯಾನ್ ಹೊಗೆಯನ್ನು ಎಳೆದುಕೊಳ್ಳುವ ಮೊದಲೇ ಅದು ಪಕ್ಕದ ಟೇಬಲ್ ದಾಟಿರುತ್ತದೆ. ಸ್ಪ್ಲಿಟ್ ಎಸಿ ಇನ್ನೂ ಕೆಟ್ಟದ್ದು: ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಿರುಗಿಸಿ ತಿರುಗಿಸಿ ತಂಪು ಮಾಡುತ್ತದೆ. ಹೊಗೆಯ ಕಣ ಎಷ್ಟು ಸಣ್ಣದೆಂದರೆ ಬಹುಪಾಲು ಎಸಿಯ ಜಾಳಿಗೆ ಸಿಗುವುದಿಲ್ಲ. ಜಾಳಿ ತೆಗೆದು ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಚಹಾದ ಕರೆಯಂಥ ಅಂಟು ಬಣ್ಣ ಬರುತ್ತದೆ. ಮಾರ್ಚ್‌ನಿಂದ ಮೇವರೆಗೆ ಬಿಸಿಲಿಗೆ ಹೆದರಿ ಬಾಗಿಲು ಕಿಟಕಿ ಮುಚ್ಚಿಟ್ಟಾಗ ಹಾಲ್‌ನ ಗಾಳಿ ಇದೇ. ರೂಮ್ ಫ್ರೆಶ್‌ನರ್ ವಾಸನೆ ಮುಚ್ಚುತ್ತದೆ, ಹೊಗೆ ಅಲ್ಲೇ ಇರುತ್ತದೆ.

ನಮ್ಮ ಸಲಹೆ ಒಂದೇ: ಒಳಗೆ ಪೂರ್ತಿ ಬಂದ್ ಮಾಡಿ, ಹೊರಗೆ ಒಂದು ಜಾಗ ಕೊಡಿ. ಖರ್ಚು ಕಡಿಮೆ, ಕೆಡುವಂಥದ್ದೂ ಏನಿಲ್ಲ. ಬಾಗಿಲು, ಕಿಟಕಿ, ಕೂಲರ್‌ಗಳಿಂದ ಕನಿಷ್ಠ 20 ಅಡಿ ದೂರ ಇರಲಿ. ಬೇವಿನ ಗಿಡವಿದ್ದರೆ ಅದರ ಕೆಳಗೆ, ಇಲ್ಲದಿದ್ದರೆ ಒಂದು ತಗಡಿನ ನೆರಳು. ಕೂಡಲು ಒಂದು ಶಹಾಬಾದ್ ಕಲ್ಲು, ಪಕ್ಕದಲ್ಲಿ ಅರ್ಧ ಮರಳು ತುಂಬಿದ ಎಣ್ಣೆ ಡಬ್ಬಿ. ಮರಳಿಲ್ಲದ ಡಬ್ಬಿಗೆ ಆರದ ಬೀಡಿ ತುಂಡು ಬಿದ್ದು, ಚಕಣಾದ ಕಾಗದಕ್ಕೆ ಬೆಂಕಿ ಹಿಡಿಯುತ್ತದೆ. ಅಲ್ಲಿಗೆ ಗ್ಲಾಸು, ಪ್ಲೇಟು ಒಯ್ದು ಕೊಡಬೇಡಿ; ಕೊಟ್ಟರೆ ಎರಡೇ ದಿನದಲ್ಲಿ ಅದು ಇನ್ನೊಂದು ಟೇಬಲ್ ಆಗುತ್ತದೆ.

ಮುಖ್ಯ ತೊಡಕು ಕೂಲರ್‌ನದು. ಹಾಲ್‌ಗೆ ಗಾಳಿ ನೂಕುವ ದೊಡ್ಡ ಕೂಲರ್ ಹೊರಗಿನ ಗೋಡೆಗೆ ಕೂತಿರುತ್ತದೆ. ಅದರ ಹುಲ್ಲಿನ ಪಕ್ಕ ನಿಂತು ಯಾರಾದರೂ ಸೇದಿದರೆ ಆ ಹೊಗೆ ಒದ್ದೆ ಹುಲ್ಲು ದಾಟಿ ನೇರ ಒಳಗೆ ಬರುತ್ತದೆ. ಹುಡುಗರು ನೆರಳು ನೋಡಿ ನಿಲ್ಲುವುದು ಅಲ್ಲಿಯೇ.

ಹೊರಗೆ ಜಾಗವೇ ಇಲ್ಲ, 30 ಮಂದಿ ಅಥವಾ ಹೆಚ್ಚು ಕೂಡುವ ರೆಸ್ಟೋರೆಂಟ್, ಇಲ್ಲವೆ 30 ಕೋಣೆಯ ಲಾಡ್ಜ್ ಇದೆ ಎಂದಾದರೆ ಪ್ರತ್ಯೇಕ ಸೇದುವ ಕೋಣೆಗೆ ಕಾನೂನಿನಲ್ಲಿ ಅವಕಾಶವಿದೆ. ಮಾಡಿದರೆ ಸರಿಯಾಗಿ ಮಾಡಿ. ನಾಲ್ಕೂ ಗೋಡೆ ಸ್ಲ್ಯಾಬ್ ಮುಟ್ಟಬೇಕು. ಫಾಲ್ಸ್ ಸೀಲಿಂಗ್‌ವರೆಗೆ ಕಟ್ಟಿ ಬಿಟ್ಟರೆ ಮೇಲಿನ ಸಂದಿನಿಂದ ಹೊಗೆ ಹಾಲ್ ತುಂಬ ಹರಡುತ್ತದೆ, ಇದು ಎಲ್ಲರೂ ಮಾಡುವ ತಪ್ಪು. ಬಾಗಿಲಿಗೆ ಡೋರ್ ಕ್ಲೋಸರ್ ಇರಲಿ, ತಾನೇ ಮುಚ್ಚಿಕೊಳ್ಳಬೇಕು. ಕೋಣೆ ಬರುವ ಹೋಗುವ ದಾರಿಯಲ್ಲಿ ಇರಬಾರದು. ಅದು ಸೇದುವುದಕ್ಕಷ್ಟೇ, ಒಳಗೆ ಏನೂ ಸಪ್ಲೈ ಆಗಬಾರದು.

ಫ್ಯಾನ್ ಲೆಕ್ಕ ಹೀಗೆ. 8 ಅಡಿ ಅಗಲ, 10 ಅಡಿ ಉದ್ದ, 10 ಅಡಿ ಎತ್ತರ ಅಂದರೆ 800 ಘನ ಅಡಿ. ಎರಡು ನಿಮಿಷಕ್ಕೊಮ್ಮೆ ಪೂರ್ತಿ ಗಾಳಿ ಬದಲಾಗಬೇಕಾದರೆ ನಿಮಿಷಕ್ಕೆ 400 ಘನ ಅಡಿ, ಅಂದರೆ ಗಂಟೆಗೆ ಸುಮಾರು 680 ಘನ ಮೀಟರ್ ಎಳೆಯುವ ಫ್ಯಾನ್ ಬೇಕು. ಈ ಸಂಖ್ಯೆ ಫ್ಯಾನಿನ ಡಬ್ಬಿ ಮೇಲೆ ಇರುತ್ತದೆ, ಓದಿ ಕೊಳ್ಳಿ. ಗಾಳಿ ಒಳಬರಲು ಬಾಗಿಲ ಕೆಳಗೆ ಒಂದಿಂಚು ಸಂದು ಬಿಡಿ; ಸಂದಿಲ್ಲದಿದ್ದರೆ ಫ್ಯಾನ್ ಸುಮ್ಮನೆ ತಿರುಗುತ್ತದೆ, ಎಳೆಯುವುದಿಲ್ಲ. ಹೊಗೆ ಹೊರಬೀಳುವ ಬಾಯಿ ಅಡುಗೆಮನೆ ಕಿಟಕಿಗೂ ಕೂಲರಿಗೂ ದೂರವಿರಲಿ.

ಆಮೇಲೆ ಊದಿನಕಡ್ಡಿ ಪರೀಕ್ಷೆ. ಹಚ್ಚಿದ ಕಡ್ಡಿಯನ್ನು ಮುಚ್ಚಿದ ಬಾಗಿಲ ಕೆಳಸಂದಿಗೆ ಹಾಲ್ ಕಡೆಯಿಂದ ಹಿಡಿಯಿರಿ. ಹೊಗೆಯ ಎಳೆ ಬಾಗಿ ಕೋಣೆಯೊಳಗೆ ಹೋಗಬೇಕು. ನೆಟ್ಟಗೆ ಮೇಲೇರಿದರೆ ಅಥವಾ ಮುಖಕ್ಕೆ ಬಂದರೆ ಕೋಣೆ ಸೋರುತ್ತಿದೆ. ಈ ಪರೀಕ್ಷೆಯನ್ನು ರಾತ್ರಿ ಅಡುಗೆಮನೆ ಎಕ್ಸಾಸ್ಟ್ ಓಡುವಾಗ, ಕೂಲರ್ ಆಫ್ ಇರುವಾಗ ಮಾಡಿ. ಆಗ ಅಡುಗೆಮನೆ ಹಾಲ್‌ನ ಗಾಳಿಯನ್ನು ಎಳೆಯುತ್ತದೆ. ಹಗಲು ಪಾಸಾದ ಕೋಣೆ ಆ ಹೊತ್ತಿಗೆ ಫೇಲಾಗಬಹುದು.

ಇನ್ನು ಮಾತು. ಬಾಯಲ್ಲಿಟ್ಟು ಇನ್ನೂ ಹಚ್ಚದಿರುವಾಗಲೇ ಹೇಳಬೇಕು. ಹಚ್ಚಿದ ಮೇಲೆ ಆರಿಸಿ ಎಂದರೆ ನಾಲ್ಕು ಜನರೆದುರು ಮಾನದ ಪ್ರಶ್ನೆ ಆಗುತ್ತದೆ. ಎದ್ದು ಹೋಗಲು ಗಿರಾಕಿ ಹಿಂದೆಮುಂದೆ ನೋಡುವುದು ತನ್ನ ಗ್ಲಾಸು, ಟೇಬಲ್ ಹೋದಾವೆಂದು. ಅದಕ್ಕೇ ಉತ್ತರ ಕೊಡಿ: ‘ಸಾಹೇಬ್ರ, ಒಳಗ ಸೇದೋ ಹಂಗಿಲ್ರಿ, ಹೊರಗ ಗಿಡದ ಕೆಳಗ ಜಾಗ ಮಾಡೀವಿ. ನಿಮ್ಮ ಗ್ಲಾಸ್ ಇಲ್ಲೇ ಇರ್ತದ್ರಿ, ಯಾರೂ ಮುಟ್ಟಂಗಿಲ್ಲ.’ ಹೇಳುತ್ತಲೇ ಗ್ಲಾಸಿನ ಮೇಲೆ ಒಂದು ಸಾಸರ್ ಮುಚ್ಚಿ. ಆ ಸಾಸರ್ ಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಊರಿನ ದೊಡ್ಡವರು, ದಿನದ ಗಿರಾಕಿಗಳು ಹಚ್ಚಿದರೆ ಹುಡುಗನನ್ನು ಕಳಿಸಬೇಡಿ, ಗಲ್ಲಾದಿಂದ ಮಾಲೀಕನೇ ಎದ್ದು ಹೋಗಬೇಕು. ಅವರೊಬ್ಬರಿಗೆ ಬಿಟ್ಟರೆ ಮುಂದಿನ ಟೇಬಲ್‌ಗೆ ಹೇಳಲು ಬಾಯಿ ಇರುವುದಿಲ್ಲ.

ಸೇದುವ ಸಪ್ಲೈಯರ್ ಹುಡುಗರಿಗೂ ಇದೇ ನಿಯಮ, ಗೋದಾಮಿನಲ್ಲಿ, ಅಡುಗೆಮನೆ ಹಿಂದೆ ಸೇದುವುದೂ ಒಳಗೇ ಸೇದಿದಂತೆ. ಬಿಡಬೇಕೆನ್ನುವವರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಗಿರಾಕಿಗೆ ಕಾಣುವ ಗೋಡೆಗೆ ಒಂದು ಚೀಟಿ, ಹುಡುಗರು ಬಟ್ಟೆ ಬದಲಿಸುವ ಕೋಣೆಯಲ್ಲಿ ಇನ್ನೊಂದು ಅಂಟಿಸಿ.