ಮೂರು ಪತ್ರ, ಎರಡು ಹಾಳೆ: ‘ಬಿಟ್ಟುಹೋದರು’ ಎಂಬುದನ್ನು ಕೋರ್ಟಿನಲ್ಲಿ ನಿಲ್ಲಿಸುವ ಬಗೆ

ಎದುರು ಪಕ್ಷದವನು ಸಂಸಾರವನ್ನೋ ನೌಕರಿಯನ್ನೋ ಬಿಟ್ಟುಹೋಗಿದ್ದಾನೆ ಎಂದು ವಾದಿಸಬೇಕಾದವರೇ ಅವನಿಗೆ ‘ವಾಪಸ್ ಬಾ’ ಎಂದು ಪತ್ರ ಬರೆಯುವುದು ಹುಚ್ಚುತನ ಎಂದು ವಕೀಲರ ಸಂಘದಲ್ಲಿ ಹಲವರು ನಕ್ಕಿದ್ದರು. ಕರೆದರೆ ಬಂದುಬಿಡುತ್ತಾನೆ, ಬಂದರೆ ಕೇಸೇ ಇಲ್ಲ ಎಂಬುದು ಅವರ ಲೆಕ್ಕ. ಕರೆದ ಕೂಡಲೇ ಬರುವವನು ಬಿಟ್ಟುಹೋಗಿರಲೇ ಇಲ್ಲ ಎಂಬುದು ನನ್ನ ಲೆಕ್ಕ. ಅಂಥ ಕೇಸನ್ನು ಐದಾರು ವರ್ಷ ಎಳೆದು ಸೋಲುವುದಕ್ಕಿಂತ ಅಂಚೆ ಖರ್ಚಿನಲ್ಲೇ ಸತ್ಯ ತಿಳಿದುಕೊಳ್ಳುವುದು ಲಾಭ. ಈಗ ಕೌಟುಂಬಿಕ ನ್ಯಾಯಾಲಯದಲ್ಲೂ ಕಾರ್ಮಿಕ ನ್ಯಾಯಾಲಯದಲ್ಲೂ ಈ ಪದ್ಧತಿ ಗೆದ್ದು, ಮೇಲ್ಮನವಿಯಲ್ಲೂ ನಿಂತಿದೆ. ನಕ್ಕವರ ಜೂನಿಯರ್‌ಗಳೇ ಈಗ ಪತ್ರದ ನಕಲು ಕೇಳುತ್ತಾರೆ. ಆದ್ದರಿಂದ ಬರೆಯುತ್ತಿದ್ದೇನೆ. ಸೆಕ್ಷನ್‌ಗಳ ಪಾಠ ಮಾಡುವುದಿಲ್ಲ.

ಕಡತ ತೆರೆದ ದಿನವೇ ಎರಡು ಹಾಳೆ ಹಾಕುತ್ತೇನೆ. ಒಂದು ಗೈರಿನ ಹಾಳೆ: ಯಾವ ದಿನ ಹೋದರು, ಎಲ್ಲಿದ್ದಾರೆ, ನೋಡಿದವರು ಯಾರು. ಇನ್ನೊಂದು ಉದ್ದೇಶದ ಹಾಳೆ: ಮರಳುವ ಮನಸ್ಸಿಲ್ಲ ಎಂದು ತೋರಿಸುವ ನಡೆಗಳು. ಮೊದಲನೆಯದು ಎಲ್ಲರ ಕಡತದಲ್ಲೂ ತುಂಬಿ ತುಳುಕುತ್ತಿರುತ್ತದೆ, ಎರಡನೆಯದು ಖಾಲಿ. ಸೋಲುವುದು ಅಲ್ಲಿ. ಪಡಿತರ ಚೀಟಿಯಿಂದ ಹೆಸರು ತೆಗೆಸಿದ್ದು, ಆಧಾರ್ ವಿಳಾಸ ಬದಲಿಸಿದ್ದು, ಮಕ್ಕಳ ಟಿ.ಸಿ. ಪಡೆದದ್ದು, ಹೊಸ ಊರಿನ ಬಾಡಿಗೆ ಕರಾರು ಇವೆಲ್ಲ ಎರಡನೇ ಹಾಳೆಗೆ. ನೌಕರಿ ಕೇಸಿನಲ್ಲಿ ಇವೆಲ್ಲಕ್ಕಿಂತ ಬಲವಾದದ್ದು ಭವಿಷ್ಯ ನಿಧಿ: ಅದೇ ಯುಎಎನ್ (ನೌಕರನ ಭವಿಷ್ಯ ನಿಧಿ ಸಂಖ್ಯೆ) ಅಡಿ ಬೇರೆ ಮಾಲೀಕನ ವಂತಿಗೆ ಬೀಳುತ್ತಿದ್ದರೆ ಸಾಕ್ಷಿದಾರ ಬಾಯಿ ಬಿಡುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಅದನ್ನು ಸಮನ್ಸ್ ಮೂಲಕವೇ ತರಿಸಬೇಕು. ಕಕ್ಷಿದಾರ ಹೇಗೋ ತಂದುಕೊಟ್ಟ ಸ್ಕ್ರೀನ್‌ಶಾಟ್ ನಿಶಾನೆ (ಕೋರ್ಟ್ ಗುರುತು ಹಾಕಿ ಸ್ವೀಕರಿಸುವ ದಾಖಲೆ) ಆಗುವುದಿಲ್ಲ, ಆದರೂ ತಕರಾರಿಗೇ ಒಂದು ದಿನ ಹೋಗುತ್ತದೆ.

ಇನ್ನು ಪತ್ರಗಳು. ಮೊದಲನೆಯದನ್ನು ಕಕ್ಷಿದಾರರೇ ಬರೆಯಬೇಕು, ಹೋದ ಒಂದು ವಾರ ಹತ್ತು ದಿನದೊಳಗೆ. ವಕೀಲರ ಲೆಟರ್‌ಹೆಡ್ ಬೇಡ. ಎಲ್ಲಿಗೆ ಬರಬೇಕು, ಯಾವ ದಿನ, ಯಾರನ್ನು ಕಾಣಬೇಕು, ಇಷ್ಟೇ. ಹದಿನೈದು ದಿನ ಬಿಟ್ಟು ಎರಡನೆಯದು: ಮೊದಲ ಪತ್ರದ ದಿನಾಂಕ, ಅಂಚೆ ನಂಬರ್, ಮತ್ತೆ ಅದೇ ಕರೆ. ಮೂರನೆಯದು ನನ್ನ ನೋಟಿಸ್. ಅದರಲ್ಲಿ ಬರದಿದ್ದರೆ ಏನಾಗುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳಿ, ಬಾಗಿಲು ತೆರೆದೇ ಇದೆ ಎಂದು ಮುಗಿಸುತ್ತೇನೆ. ಮೂರಕ್ಕೂ ಸೇರಿ ಇನ್ನೂರು ಮುನ್ನೂರು ರೂಪಾಯಿ ದಾಟುವುದಿಲ್ಲ. ಮೂರನೇ ಪತ್ರದಲ್ಲಿ ನಾನು ಸೇರಿಸುವ ಒಂದು ವಾಕ್ಯವಿದೆ. ಅದಕ್ಕೆ ಉತ್ತರ ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ. ಆ ವಾಕ್ಯ ಇಲ್ಲಿ ಸಿಗುವುದಿಲ್ಲ, ಎದುರು ಪಕ್ಷದವರೂ ಓದುತ್ತಾರೆ.

ಪತ್ರ ಹಾಳಾಗುವುದು ಸಾಮಾನ್ಯವಾಗಿ ವಿಳಾಸದಲ್ಲಿ. ಸೇವಾ ದಾಖಲೆಯಲ್ಲಿ ಹತ್ತು ವರ್ಷ ಹಿಂದಿನ ಊರು, ಮನುಷ್ಯ ಇರುವುದು ಬೇರೆ ಕಡೆ. ಸಾಮಾನ್ಯ ಖಂಡಗಳ ಅಧಿನಿಯಮದ 27ನೇ ಸೆಕ್ಷನ್‌ನ ‘ಪತ್ರ ತಲುಪಿದೆ’ ಎಂಬ ಊಹೆ ಸಿಗುವುದು ಸರಿಯಾದ ವಿಳಾಸಕ್ಕೆ ಮಾತ್ರ. ಗೊತ್ತಿರುವ ಎಲ್ಲ ವಿಳಾಸಕ್ಕೂ ಕಳಿಸಿ. ‘ನಿರಾಕರಿಸಿದರು’ ಷರಾ ಬಂದ ಲಕೋಟೆಯನ್ನು ಒಡೆಯದೆ ಇಡಿ, ಸಾಕ್ಷಿ ಕಟ್ಟೆಯಲ್ಲಿ ತೆರೆಸಿ. ‘ಬಾಗಿಲು ಹಾಕಿದೆ’ ಷರಾ ಬಂದರೆ ಅದನ್ನು ನಂಬಿ ಕೂರಬೇಡಿ, ಮತ್ತೊಮ್ಮೆ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋದ ಮೇಲೆ ಟ್ರ್ಯಾಕಿಂಗ್ ವರದಿಯೇ ಆಧಾರ. ಅದು ಕೆಲವು ತಿಂಗಳಲ್ಲಿ ಜಾಲತಾಣದಿಂದ ಮಾಯವಾಗುತ್ತದೆ, ಬಟವಾಡೆಯಾದ ವಾರದಲ್ಲೇ ಮುದ್ರಿಸಿಕೊಳ್ಳಿ.

ಮದುವೆ ಕೇಸಿಗೆ ಬರೋಣ. ವಿಚ್ಛೇದನ ಕೊಡಲು ಹಿಂದೂ ವಿವಾಹ ಅಧಿನಿಯಮದ 13(1)(ಐಬಿ), ಅರ್ಜಿ ಹಾಕುವ ದಿನಕ್ಕೆ ಮುಂಚಿನ ಸತತ ಎರಡು ವರ್ಷದ ಪರಿತ್ಯಾಗ ಕೇಳುತ್ತದೆ. ಹೆಚ್ಚಿನ ಅರ್ಜಿಗಳಲ್ಲಿ ಎಣಿಕೆ ಶುರುವಾಗುವ ದಿನವೇ ತಪ್ಪಿರುತ್ತದೆ. ಬಾಣಂತನಕ್ಕೆ ತವರಿಗೆ ಹೋದ ದಿನವನ್ನು ಪರಿತ್ಯಾಗದ ದಿನ ಎಂದು ಬರೆದರೆ ಪಾಟೀ ಸವಾಲಿನಲ್ಲಿ ಐದು ನಿಮಿಷ ಸಾಕು, ಅರ್ಜಿ ಮುಗಿಯಿತು. ಆ ದಿನ ಗಂಡನೇ ಬಸ್ ಹತ್ತಿಸಿರುತ್ತಾನೆ. ಒಪ್ಪಿಗೆಯ ವಾಸ ಮುಗಿದು, ಮರಳುವುದಿಲ್ಲ ಎಂಬ ಮನಸ್ಸು ಗಟ್ಟಿಯಾದ ದಿನ ಬೇರೆ. ಮೊದಲ ಪತ್ರಕ್ಕೆ ಬಂದ ಉತ್ತರವೋ, ಉತ್ತರವಿಲ್ಲದೆ ಕಳೆದ ಗಡುವೋ ಆ ದಿನವನ್ನು ಕೊಡುತ್ತದೆ. ನಡುವೆ ರಾಜಿಯಾಗಿ ಸ್ವಲ್ಪ ಕಾಲ ಕೂಡಿ ಬಾಳಿದ್ದರೆ ಎಣಿಕೆ ಮತ್ತೆ ಮೊದಲಿನಿಂದ. ಕಕ್ಷಿದಾರರು ಇದನ್ನು ತಾವಾಗಿ ಹೇಳುವುದಿಲ್ಲ, ಕೇಳಿ ತಿಳಿಯಬೇಕು.

ಪತ್ರದಲ್ಲಿ ಒಂದೇ ಒಂದು ಆರೋಪವೂ ಇರಬಾರದು. ‘ನಿನ್ನ ನಡತೆ ತಿದ್ದಿಕೊಂಡು ಬಾ’ ಎಂದು ಬರೆದಲ್ಲಿಗೆ ಹೆಂಡತಿಗೆ ಬರದಿರಲು ಸಕಾರಣ ಸಿಕ್ಕಿತು. ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುವ, ಕೆಲವರೇ ಪೂರ್ತಿ ಓದಿರುವ ತೀರ್ಪು ಬಿಪಿನ್‌ಚಂದ್ರ ವಿರುದ್ಧ ಪ್ರಭಾವತಿ, ಎಐಆರ್ 1957 ಎಸ್‌ಸಿ 176. ಬೇರೆ ಇರುವಿಕೆ ಮತ್ತು ಶಾಶ್ವತವಾಗಿ ಬಿಡುವ ಉದ್ದೇಶ ಎರಡೂ ಬೇಕು ಎಂಬ ಸಾಲನ್ನು ಎತ್ತಿಕೊಂಡು ಮುಂದೆ ಹೋಗುತ್ತಾರೆ. ಅಲ್ಲಿ ಗಂಡನ ಕೇಸು ಮುಳುಗಲು ಅವನದೇ ಕಾಗದಗಳು ಕಾರಣವಾದವು: ಸಾಲಿಸಿಟರ್ ಮೂಲಕ ಕಳಿಸಿದ ಪತ್ರ, ಆಮೇಲೆ ಪ್ರಭಾಳನ್ನು ಕಳಿಸಬೇಡಿ ಎಂದು ಮಾವನಿಗೆ ಕೊಟ್ಟ ತಂತಿ. ನನ್ನ ಪದ್ಧತಿ ಹುಟ್ಟಿದ್ದೇ ಆ ತಂತಿಯನ್ನು ತಿರುಗಿಸಿ ಓದಿದ್ದರಿಂದ: ಬರಬೇಡ ಎಂಬ ಒಂದು ಸಾಲು ಕೇಸು ಕೆಡಿಸುವುದಾದರೆ ಬಾ ಎಂಬ ಮೂರು ಪತ್ರ ಅದನ್ನು ಕಟ್ಟಬೇಕು.

ಆದರೆ ಕರೆ ನಿಜವಾಗಿರಬೇಕು. ಆಕೆ ಮಕ್ಕಳೊಂದಿಗೆ ಬಂದು ನಿಂತಾಗ ಬೀಗ ಕಂಡರೆ ಬಿಟ್ಟವನು ಗಂಡನೇ ಆಗುತ್ತಾನೆ. ಮನೆಯಿಂದ ಹೊರಗೆ ಕಾಲಿಟ್ಟವರು ಯಾರು ಎಂಬುದಕ್ಕಿಂತ ಇಡುವಂತೆ ಮಾಡಿದವರು ಯಾರು ಎಂದು ನ್ಯಾಯಾಲಯ ನೋಡುತ್ತದೆ. ಮರಳಿ ಬಂದು ಕೂಡಿ ಬಾಳಬೇಕೆಂಬ 9ನೇ ಸೆಕ್ಷನ್ ಡಿಕ್ರಿ ಪಡೆದು, ಒಂದು ವರ್ಷ ಸಹಜೀವನ ಇಲ್ಲವೆಂದು 13(1ಎ) ಅಡಿ ವಿಚ್ಛೇದನಕ್ಕೆ ಬರುವ ದಾರಿಯೂ ಇದೆ. ನನಗದು ಅಷ್ಟು ಹಿಡಿಸದು. ಎರಡು ಕೇಸಿನ ಖರ್ಚು, ಮೇಲೆ ತನ್ನ ತಪ್ಪಿನ ಲಾಭ ತಾನೇ ಪಡೆಯುತ್ತಿದ್ದಾನೆ ಎಂದು 23ನೇ ಸೆಕ್ಷನ್ ತಕರಾರು. ಆ ಡಿಕ್ರಿ ಸಿಕ್ಕಿತೆಂದರೆ ಜೀವನಾಂಶ ನಿಂತಿತು ಎಂದುಕೊಳ್ಳುವವರೂ ಇದ್ದಾರೆ. ಡಿಕ್ರಿಯೊಂದರಿಂದಲೇ ಹೆಂಡತಿಯ ಹಕ್ಕು ಹೋಗದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ರೀನಾ ಕುಮಾರಿ ಪ್ರಕರಣದಲ್ಲಿ ಹೇಳಿದೆ.

ದುಡ್ಡು ಹೋಗುವುದು ಮಾತ್ರ ನೌಕರಿ ಕೇಸಿನಲ್ಲಿ. ಎಂಟು ದಿನ ಗೈರಾದರೆ ಹಕ್ಕು ಹೋಯಿತು ಎಂಬ ಸ್ಥಾಯಿ ಆದೇಶವನ್ನು (ಸಂಸ್ಥೆಯ ಸೇವಾ ನಿಯಮವನ್ನು) ನಂಬಿ ಹಾಜರಿ ಪುಸ್ತಕದಿಂದ ಹೆಸರು ಹೊಡೆಯುವ ಮಾಲೀಕರು ಇಂದಿಗೂ ಇದ್ದಾರೆ. ಲೆಕ್ಕ ಹಾಕಿ: ತಿಂಗಳಿಗೆ 15,000 ಸಂಬಳ, ಕೇಸು ಆರು ವರ್ಷ, ಹಿಂಬಾಕಿ 10,80,000. ಅರ್ಧ ಕೊಟ್ಟರೂ 5,40,000, ಜೊತೆಗೆ ಮನುಷ್ಯನೂ ವಾಪಸ್. ಡಿ.ಕೆ. ಯಾದವ್ ಪ್ರಕರಣದಲ್ಲಿ 1993ರಲ್ಲಿ ಆದದ್ದು ಇದೇ ಬಗೆ: ವಿಚಾರಣೆ ಮಾಡದೆ ಎಂಟು ದಿನದ ನಿಯಮ ಬಳಸಿದ್ದಕ್ಕೆ ಮರುನೇಮಕ ಮತ್ತು ಶೇ. 50 ಹಿಂಬಾಕಿ. ಹೆಸರು ಹೊಡೆದುಹಾಕಿದರೆ ಅದು ರಿಟ್ರೆಂಚ್‌ಮೆಂಟ್, ಅಂದರೆ ಮಾಲೀಕನೇ ಕೆಲಸದಿಂದ ತೆಗೆದದ್ದು ಎಂದು 1982ರಲ್ಲೇ ರಾಬರ್ಟ್ ಡಿಸೋಜಾ ತೀರ್ಪು ಹೇಳಿತ್ತು. ಮುಷ್ಕರದ ಗೈರು ಕೆಲಸ ತೊರೆದಂತಲ್ಲ ಎಂದು ಅದಕ್ಕೂ ಮುಂಚೆ ಜಿ.ಟಿ. ಲಾಡ್ ತೀರ್ಪು.

ಹಾಗಾಗಿ ಮಾಲೀಕರ ಪರವಾಗಿದ್ದರೆ ಮೂರು ಪತ್ರದ ನಂತರ ಆರೋಪ ಪಟ್ಟಿ ಕೊಟ್ಟು ಆಂತರಿಕ ವಿಚಾರಣೆ ನಡೆಸಿಯೇ ತೀರಬೇಕು, ಏಕಪಕ್ಷೀಯವಾದರೂ ಸರಿ. ಪತ್ರ ವಿಚಾರಣೆಗೆ ಬದಲಿಯಲ್ಲ. ಕಚೇರಿಯಿಂದ ‘ಬನ್ನಿ’ ಎಂದು ಪತ್ರ ಹೋಗಿ, ಅದೇ ಮನುಷ್ಯನನ್ನು ಗೇಟಿನ ಸೆಕ್ಯುರಿಟಿ ಒಳಗೆ ಬಿಡದಿರುವುದು ಈ ಪದ್ಧತಿಯ ದೊಡ್ಡ ತೂತು. ಪತ್ರದ ನಕಲನ್ನು ಗೇಟಿಗೂ ಕೊಟ್ಟು ಸಹಿ ಪಡೆಯಿರಿ. ಕಾರ್ಮಿಕನ ಪರವಾಗಿದ್ದರೆ ಇದನ್ನೇ ತಿರುಗಿಸುತ್ತೇನೆ: ತಡೆದ ದಿನವೇ ‘ಹಾಜರಾಗಲು ಬಂದಿದ್ದೆ, ಇಷ್ಟು ಗಂಟೆಗೆ ಗೇಟಿನಲ್ಲಿ ತಡೆದರು’ ಎಂದು ಸ್ಪೀಡ್ ಪೋಸ್ಟ್. ಜೊತೆಗೆ, ಬೇರೆ ಕಡೆ ಸಂಪಾದನೆ ಇಲ್ಲ ಎಂಬ ಮಾತು ಅರ್ಜಿಯಲ್ಲೇ ಇರಬೇಕು. ದೀಪಾಲಿ ಗುಂಡು ಸುರ್ವಸೆ ತೀರ್ಪಿನ ನಂತರ ಅದಿಲ್ಲದೆ ಹಿಂಬಾಕಿ ಕೇಳುವುದು ಕಷ್ಟ. ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದು ಸೆಕ್ಷನ್ ನಂಬರ್ ಬದಲಾಗಿವೆ, ಪುರಾವೆಯ ಹೊರೆ ಬದಲಾಗಿಲ್ಲ.

ಇದನ್ನು ಎಲ್ಲ ಕಡೆ ಹಚ್ಚಿ ನೋಡಿದ್ದೇನೆ. ಎಲ್ಲ ಕಡೆ ಫಲಿಸುವುದಿಲ್ಲ. ಟ್ರೇಡ್ ಮಾರ್ಕ್ ಆಕ್ಷೇಪಣೆಯ ನೋಟಿಸ್ ತಲುಪಿದ ಎರಡು ತಿಂಗಳೊಳಗೆ ಪ್ರತಿಹೇಳಿಕೆ ಸಲ್ಲಿಸದಿದ್ದರೆ 21(2)ರಂತೆ ಅರ್ಜಿ ತ್ಯಜಿಸಿದಂತೆಯೇ ಲೆಕ್ಕ. ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ, ಅಲ್ಲಿ ಎರಡು ಹಾಳೆ ಬೇಡ, ಕ್ಯಾಲೆಂಡರ್ ಸಾಕು. ಪೇಟೆಂಟ್‌ನಲ್ಲಿ ಸ್ವಲ್ಪ ಉಸಿರಿದೆ: ಏಜೆಂಟ್ ನಿರ್ಲಕ್ಷ್ಯದಿಂದ ಗಡುವು ತಪ್ಪಿದಾಗ ಅರ್ಜಿದಾರ ಕೈಬಿಡಲು ಬಯಸಿರಲಿಲ್ಲ ಎಂದು 2022ರಲ್ಲಿ ದೆಹಲಿ ಹೈಕೋರ್ಟ್ ಅರ್ಜಿಗಳಿಗೆ ಮರುಜೀವ ಕೊಟ್ಟಿದೆ. ಅದಕ್ಕಾಗಿ ರಿಟ್ ಹಾಕುವ ಖರ್ಚಿನ ಮುಂದೆ ಸಕಾಲದ ಉತ್ತರ ಬಿಡಿಗಾಸು.

ಸಿವಿಲ್‌ನಲ್ಲಿ ಜೂನಿಯರ್‌ಗಳು ಕೊಡುವ ‘ದಾವೆ ಒತ್ತಾಯಿಸುವುದಿಲ್ಲ’ ಮೆಮೋ ಅಪಾಯಕಾರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23 ನಿಯಮ 1(3)ರಂತೆ ಹೊಸ ದಾವೆಗೆ ಅನುಮತಿ ಕೇಳಿ, ಆ ಅನುಮತಿ ಆದೇಶದಲ್ಲೇ ಬರುವಂತೆ ನೋಡಿಕೊಳ್ಳದಿದ್ದರೆ ಅದೇ ವಿಷಯಕ್ಕೆ ಬಾಗಿಲು ಮುಚ್ಚಿತು. ಅರ್ಜಿಯಲ್ಲಿ ದಾವೆಯ ಔಪಚಾರಿಕ ದೋಷ ಯಾವುದೆಂದು ಹೆಸರಿಸಿ. ಬರಿದೇ ‘ತಾಂತ್ರಿಕ ಕಾರಣ’ ಎಂದರೆ ಸಾಲದು.

ದಾರಿ ಹಕ್ಕಿನ ಕೇಸಿನಲ್ಲಿ ಗೈರಿನ ಹಾಳೆ ಎಷ್ಟು ಉದ್ದವಿದ್ದರೂ ಸಾಲದು. ಬಳಸದೇ ಇದ್ದ ಮಾತ್ರಕ್ಕೆ ಬಿಟ್ಟುಕೊಟ್ಟಂತಲ್ಲ ಎಂದು ಈಸ್‌ಮೆಂಟ್ ಅಧಿನಿಯಮದ 38ನೇ ಸೆಕ್ಷನ್‌ನ ವಿವರಣೆಯೇ ಹೇಳುತ್ತದೆ. 47ನೇ ಸೆಕ್ಷನ್‌ಗೆ ಹೋದರೆ ಬಳಕೆ ಇಪ್ಪತ್ತು ವರ್ಷ ಅಖಂಡವಾಗಿ ನಿಂತುಹೋಗಿರಬೇಕು. ಮಗುವಿನ ವಿಷಯ ಇನ್ನೂ ಬೇರೆ. ಸಾಕಲಾರೆ ಎಂದು ಬಂದ ತಾಯಿಯನ್ನು ನೇರ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯಿರಿ. ಬಾಲ ನ್ಯಾಯ ಅಧಿನಿಯಮದ 35ನೇ ಸೆಕ್ಷನ್ ಪ್ರಕಾರ ಒಪ್ಪಿಸಿದರೆ ಮರುಯೋಚನೆಗೆ ಎರಡು ತಿಂಗಳಿದೆ, ಅಪರಾಧವಿಲ್ಲ. ಬಸ್ ನಿಲ್ದಾಣದಲ್ಲಿ ಬಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 93, ಏಳು ವರ್ಷದವರೆಗೆ ಜೈಲು.

ಬೀಗ ಹಾಕಿ ಹೋದ ಬಾಡಿಗೆದಾರನ ಮೇಲೆ ಪದ್ಧತಿ ಚೆನ್ನಾಗಿ ಕೆಲಸ ಮಾಡಿತು, ಮಾಲೀಕರನ್ನು ಹಿಡಿದು ನಿಲ್ಲಿಸುವುದೇ ಕಷ್ಟ. ತಾವೇ ಬೀಗ ಒಡೆದರೆ ಬಾಡಿಗೆದಾರ ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಸೆಕ್ಷನ್ ಹಿಡಿದು ಬರುತ್ತಾನೆ, ಬಾಕಿ ಬಾಡಿಗೆಯ ಮಾತು ಅಲ್ಲಿ ಕೇಳುವವರಿಲ್ಲ. ಮೂರು ಪತ್ರದಲ್ಲಿ ಒಂದನ್ನು ಅಂಗಡಿ ಬಾಗಿಲಿಗೆ ಅಂಟಿಸಿ, ದಿನಪತ್ರಿಕೆ ಕಾಣುವಂತೆ ಫೋಟೋ ತೆಗೆಯಿರಿ. ಶೂನ್ಯ ಯೂನಿಟ್ ತೋರಿಸುವ ವಿದ್ಯುತ್ ಬಿಲ್‌ಗಳನ್ನು ಸಾಲಾಗಿ ಜೋಡಿಸಿ. ಆಮೇಲೂ ಸ್ವಾಧೀನಕ್ಕೆ ದಾವೆಯೇ ದಾರಿ, ಕೋರ್ಟ್ ಕಮಿಷನರ್ ಮುಂದೆ ಒಳಗಿನ ಸಾಮಾನಿನ ಪಟ್ಟಿ. ಒಳಗೆ ಬೆಲೆಬಾಳುವ ಸರಕಿದ್ದರೆ ‘ಬಿಟ್ಟುಹೋದ’ ಎಂಬ ವಾದ ಅಲ್ಲೇ ಸಡಿಲವಾಗುತ್ತದೆ, ಅದನ್ನು ಮೊದಲೇ ಕಕ್ಷಿದಾರರಿಗೆ ಹೇಳಿಬಿಡಿ.

ಈಚೆಗೆ ವಾಟ್ಸ್ಆಪ್‌ನಲ್ಲೂ ಅದೇ ಪತ್ರ ಕಳಿಸಿ ನೋಡುತ್ತಿದ್ದೇನೆ. ನೀಲಿ ಗೆರೆಗಿಂತ ಉತ್ತರವಾಗಿ ಬರುವ ಧ್ವನಿ ಸಂದೇಶ ಬೆಲೆಬಾಳುತ್ತದೆ, ಜನ ಬರೆಯದ್ದನ್ನು ಮಾತಾಡಿಬಿಡುತ್ತಾರೆ. ಡಿಜಿಟಲ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರಕ್ಕೆ ಈಗ ಎರಡು ಭಾಗ: ಒಂದಕ್ಕೆ ಕಕ್ಷಿದಾರರ ಸಹಿ, ಇನ್ನೊಂದಕ್ಕೆ ತಜ್ಞರದು, ಹ್ಯಾಶ್ ಮೌಲ್ಯ (ಫೈಲನ್ನು ಗುರುತಿಸುವ ಅಂಕೆ-ಅಕ್ಷರಗಳ ಸಾಲು) ಸಮೇತ. ತಜ್ಞರು ಕೇಳುವ ಫೀ ಸಣ್ಣದಲ್ಲ, ಮೊದಲೇ ಮಾತಾಡಿಕೊಳ್ಳಿ. ಮೂಲ ಫೋನನ್ನು ಸಾಕ್ಷ್ಯ ಮುಗಿಯುವವರೆಗೆ ಎಕ್ಸ್‌ಚೇಂಜ್‌ಗೆ ಕೊಡಬಾರದು ಎಂದು ಕಕ್ಷಿದಾರರಿಂದ ಬರೆಸಿಕೊಳ್ಳುತ್ತೇನೆ.