ಸಸ್ಯಾಹಾರಿ ದಂಡು ಕಟ್ಟಿಕೊಂಡು ಸುಶಿ-ಥಾಯ್ ಹೋಟೆಲಿಗೆ: ನನ್ನ ಅನುಭವ

ನ್ಯೂಜೆರ್ಸಿಯ ಎಡಿಸನ್, ಪ್ಲೇನ್ಸ್‌ಬರೊ ಕಡೆ ಇರುವ ನಮ್ಮ ಕನ್ನಡದ ಗುಂಪಿಗೆ ಹೊರಗೆ ಊಟ ಅಂದರೆ ಭಾರತೀಯ ಹೋಟೆಲುಗಳ ಬೀದಿ ಓಕ್ ಟ್ರೀ ರೋಡ್. ದೋಸೆ, ಇಲ್ಲಾಂದರೆ ಚಾಟ್, ಅದೂ ಬೇಜಾರಾದರೆ ಇಂಡೋ-ಚೈನೀಸ್. ಮಂದ ಬೆಳಕು, ಕಪ್ಪು ಕಲ್ಲಿನ ಮೇಜು, ಒಂದು ಕಡೆ ಸುಶಿ (ಜಪಾನಿನ ಹುಳಿ ಅನ್ನದ ತಿನಿಸು) ಕೌಂಟರ್, ಒಳಗೆ ಥಾಯ್ ಅಡುಗೆಮನೆ ಇರುವ ಸ್ಟೈಲಿನ ಜಾಗಕ್ಕೆ ಹೋಗೋಣ ಅಂತ ನಾನು ಹೇಳಿದಾಗಲೆಲ್ಲ ನಕ್ಕವರೇ ಜಾಸ್ತಿ. "ಅಲ್ಲಿ ನಮಗೆ ಸೌತೆಕಾಯಿ ಬಿಟ್ಟು ಏನು ಸಿಗತ್ತೆ ಗುರು?" ಅಂದ ಒಬ್ಬ. "ಬಿಲ್ಲು ಸಿಗತ್ತೆ" ಅಂದ ಇನ್ನೊಬ್ಬ. ಈಗ ಅದೇ ಇಬ್ಬರು "ಮುಂದಿನದು ಯಾವಾಗ?" ಅಂತ ಮೆಸೇಜ್ ಹಾಕುತ್ತಾರೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಮೀನಿನ ಸಾಸು, ಸಿಗಡಿ ಪೇಸ್ಟು, ದಾಶಿ ಅನ್ನುವ ಜಪಾನಿ ಮೀನಿನ ಸಾರು ಎಲ್ಲೆಲ್ಲಿ ಅಡಗಿ ಕೂತಿರುತ್ತವೆ ಅಂತ ಇಲ್ಲಿನ ಸಸ್ಯಾಹಾರಿಗಳಿಗೆ ಗೊತ್ತು. ಆ ಪಾಠ ಮತ್ತೆ ಮಾಡಲ್ಲ. ಗೊತ್ತಿದ್ದೂ ಯಾಕೆ ಸೋಲುತ್ತಿದ್ದೆವು, ಅದು ವಿಷಯ.

ಮೊದಲ ಸಲ ಹೋದದ್ದು ಶನಿವಾರ ರಾತ್ರಿ ಏಳೂವರೆಗೆ, ಆರು ಜನ. ಜಾಗ ಕಿಕ್ಕಿರಿದಿತ್ತು. ಆರ್ಡರ್ ತೆಗೆದುಕೊಂಡ ಹುಡುಗಿಗೆ ನಿಂತು ಕೇಳುವ ಪುರುಸೊತ್ತಿರಲಿಲ್ಲ. ವೆಜಿಟೇರಿಯನ್ ಅಂದರೆ "ಯಾ ಯಾ, ತೋಫು" ಅಂದಳು. ಪ್ಯಾಡ್ ಥಾಯ್ ನೂಡಲ್ಸ್ ಬಂತು. ಮೇಲೆ ತೋಫು ಇತ್ತು, ಅಡಿಯಲ್ಲಿ ಒಣ ಸಿಗಡಿಯ ಪುಡಿ ಇತ್ತು. ಮಿಸೊ (ಹುಳಿ ಬರಿಸಿದ ಸೋಯಾ) ಸೂಪಿನಲ್ಲಿ ಮೀನೇ ಇಲ್ಲ ಅಂದರು. ಕಣ್ಣಿಗೆ ಕಾಣುವ ಮೀನು ಇರಲಿಲ್ಲ, ನಿಜ. ನನ್ನ ಹೆಂಡತಿ ಒಂದು ಗುಟುಕಿಗೇ ಬಟ್ಟಲು ಪಕ್ಕಕ್ಕೆ ಸರಿಸಿದಳು. ಕೊನೆಗೆ ಎಡಮಾಮೆ (ಬೇಯಿಸಿದ ಹಸಿ ಸೋಯಾ ಕಾಯಿ), ಅವೊಕಾಡೊ ರೋಲ್, ಬಿಳಿ ಅನ್ನ ತಿಂದು ಎದ್ದೆವು. ತಲೆಗೆ 50 ಡಾಲರ್ ಹತ್ತಿರ ಬಿತ್ತು. ಆರು ಜನ ಆದ ಕೂಡಲೇ 18% ಟಿಪ್ ಬಿಲ್ಲಿನಲ್ಲೇ ಸೇರಿತ್ತು. ಅದನ್ನು ನೋಡದೆ ನಮ್ಮಲ್ಲೊಬ್ಬರು ಮೇಲೆ ಇನ್ನೊಂದು 20% ಬರೆದರು. ಮನೆಗೆ ಬಂದು ಎಲ್ಲರೂ ಮೊಸರನ್ನ ತಿಂದೆವು.

ಆಮೇಲೆ ಯಾರೋ ಮ್ಯಾನ್‌ಹಟನ್‌ನಲ್ಲಿ ಪೂರ್ತಿ ವೀಗನ್ ಸುಶಿ ಸಿಗುತ್ತದೆ ಅಂದರು. ಹೋದೆವು. ಊಟ ಚೆನ್ನಾಗಿತ್ತು, ದೂರು ಇಲ್ಲ. ಆದರೆ ಟನಲ್ ಟೋಲು, ಪಾರ್ಕಿಂಗು ಸೇರಿ ಒಂದು ಕಾರಿಗೆ 60 ಡಾಲರ್ ಮೇಲೆ ಹೋಯಿತು. ಅದು ಊಟಕ್ಕೆ ಮುಂಚಿನ ಲೆಕ್ಕ. ಮಾವನವರ ಮಂಡಿ ನೋವು ಬೇರೆ. ಅದು ನಡೆಯುವ ದಾರಿ ಅಲ್ಲ.

ಮೂರನೆಯ ಉಪಾಯ ಗುಂಪಿನ ಒಬ್ಬ ಬುದ್ಧಿವಂತನದು: ಮೀನು, ಸಿಗಡಿ ಅಲರ್ಜಿ ಅಂತ ಕಾರ್ಡ್ ಬರೆದು ತೋರಿಸುವುದು. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಅಲರ್ಜಿ ಅಂದ ಕ್ಷಣ ಅಡುಗೆಮನೆಯವರು ಹೆದರುತ್ತಾರೆ. ಕರಿಯುವ ಎಣ್ಣೆ ಒಂದೇ, ಬಾಣಲೆ ಒಂದೇ, ಹಲಗೆ ಒಂದೇ. "ಜವಾಬ್ದಾರಿ ತಗೊಳ್ಳಕ್ಕಾಗಲ್ಲ, ಕ್ಷಮಿಸಿ" ಅಂದುಬಿಟ್ಟರು. ಅವರದೇನೂ ತಪ್ಪಿಲ್ಲ. ನಿಜವಾಗಿ ಅಲರ್ಜಿ ಇರುವವರಿಗೆ ನಾವು ಮಾಡುವ ಅನ್ಯಾಯ ಅದು.

ಅಷ್ಟು ಹೊತ್ತಿಗೆ ನನಗೆ ಒಂದು ವಿಷಯ ಹೊಳೆದಿತ್ತು. ಗಟ್ಟಿಯಾಗಿ ಹೇಳಿದರೆ ನಗುತ್ತಾರೆ ಅಂತ ಸುಮ್ಮನಿದ್ದೆ. ಇಬ್ಬರು ಸಸ್ಯಾಹಾರಿಗಳಿಗಾಗಿ ಯಾವ ಥಾಯ್ ಅಡುಗೆಮನೆಯೂ ಬೇರೆ ಕರಿ ಪೇಸ್ಟ್ ಅರೆಯಲ್ಲ. ಅರೆದು ಇಟ್ಟ ಡಬ್ಬದಲ್ಲಿ ಸಿಗಡಿ ಇರುತ್ತದೆ, ಅಷ್ಟೇ, ಕಥೆ ಮುಗಿಯಿತು. ಆದರೆ 14 ಜನ ಸಸ್ಯಾಹಾರಿಗಳು ಒಟ್ಟಿಗೆ ಬಂದರೆ ಅದು ಒಂದು ಪೂರ್ತಿ ಅರೆತ. ಅದನ್ನು ಮಂಗಳವಾರ ಇಟ್ಟುಕೊಂಡರೆ, ಜಾಗ ಅರ್ಧ ಖಾಲಿ ಇರುವ ದಿನ ಅವರಿಗೆ ಖಾತ್ರಿ ವ್ಯಾಪಾರ. ಜನ ಜಾಸ್ತಿ ಆದಷ್ಟೂ ತೊಂದರೆ ಅಂತ ನಾವು ಇಷ್ಟು ವರ್ಷ ಚಿಕ್ಕ ಚಿಕ್ಕ ಗುಂಪಿನಲ್ಲಿ, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆವು. ಉಲ್ಟಾ ಮಾಡಬೇಕಿತ್ತು.

ಜಾಗದ ಹೆಸರು ಹೇಳಲ್ಲ. ಹೇಳಿದರೆ ನಮಗೆ ಮಂಗಳವಾರವೂ ಟೇಬಲ್ ಸಿಗಲ್ಲ.

ಮೊದಲು ಒಬ್ಬನೇ ಹೋಗಿ ಸುಶಿ ಕೌಂಟರಿನಲ್ಲಿ ಕೂತೆ, ಒಂದೆರಡು ಸಲ. ಲಂಚ್ ಸ್ಪೆಷಲ್ 15 ಡಾಲರ್ ಆಸುಪಾಸು. ಕೌಂಟರ್‌ನವರ ಕೈ ನೋಡಿದೆ. ಅನ್ನ ಬೆಚ್ಚಗಿದೆಯಾ, ಅದಕ್ಕೆ ಸುತ್ತುವ ಕಡಲಪಾಚಿಯ ಹಾಳೆ ನೋರಿ ಗರಿಗರಿ ಇದೆಯಾ, ತರಕಾರಿ ರೋಲಿಗೆ ಚಾಕು ತೊಳೆಯುತ್ತಾರಾ. ಆಮೇಲೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಮಾಲಕಿಯ ಹತ್ತಿರ ಮಾತಾಡಿದೆ. ಆ ಹೊತ್ತು ಮುಖ್ಯ. ಲಂಚ್ ಮುಗಿದಿರುತ್ತದೆ, ಡಿನ್ನರ್ ಶುರುವಾಗಿರಲ್ಲ, ಅವರೂ ಟೀ ಹಿಡಿದು ಕೂತಿರುತ್ತಾರೆ.

"ವೆಜಿಟೇರಿಯನ್ ಇದೆಯಾ?" ಅಂತ ನಾನು ಕೇಳಲೇ ಇಲ್ಲ. "ಕರಿ ಪೇಸ್ಟ್ ಇಲ್ಲೇ ಅರೆಯುತ್ತೀರಾ, ಡಬ್ಬದ್ದಾ?" ಅಂತ ಕೇಳಿದೆ. ಇಲ್ಲೇ ಅಂದರು. "ಹಾಗಾದರೆ 14 ಜನಕ್ಕೆ ಜೇ ಊಟ ಮಾಡಿಕೊಡುತ್ತೀರಾ?" ಅಂದೆ. ಆ ಹೆಂಗಸಿನ ಮುಖ ಅರಳಿತು. ಥಾಯ್ಲೆಂಡಿನಲ್ಲಿ ವರ್ಷಕ್ಕೊಮ್ಮೆ, ಹೆಚ್ಚಾಗಿ ಅಕ್ಟೋಬರ್ ಸುಮಾರಿಗೆ, ಒಂಬತ್ತು ದಿನ ಜೇ ಹಬ್ಬ ನಡೆಯುತ್ತದೆ. ಫುಕೆಟ್‌ನದು ಹೆಸರುವಾಸಿ. ಜೇ ಊಟ ಮಾರುವ ಅಂಗಡಿಗಳು ಹಳದಿ ಬಾವುಟ ಕಟ್ಟುತ್ತವೆ. ಮಾಂಸ, ಮೀನು, ಮೊಟ್ಟೆ, ಹಾಲು ಬಿಡುವುದಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಗುಂಪಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಹಿರಿಯರು ಮೂವರಿದ್ದರು. ಅವರ ವಿಷಯ ಹೇಗೆ ಎತ್ತುವುದು ಅಂತ ಯೋಚಿಸುತ್ತಿದ್ದೆ, ಎತ್ತುವ ಅಗತ್ಯವೇ ಬರಲಿಲ್ಲ. ಉಳಿದವರಿಗೆ ಈರುಳ್ಳಿ ಹಾಕಿದ ಪೇಸ್ಟ್ ಬೇರೆ ಮಾಡಿ ಅಂದೆ, ಆಗಲ್ಲ ಅಂದರು. ಎಲ್ಲರಿಗೂ ಒಂದೇ, ಜೇ. ಸರಿ ಅಂದೆ.

ಸಿಗಡಿ ಪೇಸ್ಟಿನ ಜಾಗಕ್ಕೆ ಹುಳಿ ಬರಿಸಿದ ಸೋಯಾ ಕಾಳು. ಮೀನಿನ ಸಾಸಿನ ಜಾಗಕ್ಕೆ ತೆಳು ಸೋಯಾ ಸಾಸು. ಈರುಳ್ಳಿ ಬೆಳ್ಳುಳ್ಳಿ ಹೋದ ಕೊರತೆಗೆ ಮಜ್ಜಿಗೆ ಹುಲ್ಲು, ಶುಂಠಿಯಂಥ ಗಲಾಂಗಲ್, ಕೊತ್ತಂಬರಿ ಬೇರು ಕೈ ಬಿಚ್ಚಿ. ಇಷ್ಟಾದರೂ ರುಚಿ ಸ್ವಲ್ಪ ತೆಳ್ಳಗೆ ನಿಲ್ಲುತ್ತದೆ. ಅದಕ್ಕೆ ನಾನು ಒಂದು ಪದಾರ್ಥ ಸೂಚಿಸಿದೆ. ಅವರ ಶೆಲ್ಫಿನಲ್ಲೇ ಇತ್ತು, ಇದಕ್ಕೆ ಹಾಕಿರಲಿಲ್ಲ. ಹಾಕಿ ನೋಡಿ ತಲೆ ಆಡಿಸಿದರು. ಅದು ಯಾವುದು ಅಂತ ಇಲ್ಲಿ ಬರೆಯಲ್ಲ.

ಸುಶಿ ಕಡೆಯವರನ್ನು ಒಪ್ಪಿಸುವುದು ಇನ್ನೂ ಸುಲಭ ಅಂದುಕೊಂಡಿದ್ದೆ. ತಣ್ಣಗಿನ ಕೌಂಟರು, ತರಕಾರಿ ಹೆಚ್ಚಿ ಸುತ್ತಿದರಾಯಿತು, ಅಲ್ವಾ? ಆದರೆ ಅಲ್ಲೂ ಚಿಲ್ಲರೆ ಕಾಟ ತುಂಬಾ. ಇನಾರಿ ಕೇಳಿದರೆ, ಆ ತೋಫು ಚೀಲ ಬೇಯಿಸಿದ್ದೇ ದಾಶಿಯಲ್ಲಿ. ಸ್ಪೈಸಿ ಮೇಯೊದಲ್ಲಿ ಮೊಟ್ಟೆ. ಬಜ್ಜಿಯಂಥ ಟೆಂಪುರಾದ ಹಿಟ್ಟಿನಲ್ಲೂ ಮೊಟ್ಟೆ. ಸಿಹಿಗೆಣಸಿನ ಟೆಂಪುರಾ ಇಲ್ಲದೆ ನಮ್ಮ ಮಕ್ಕಳು ಬರಲ್ಲ ಅಂದಿದ್ದರು. ಅದಕ್ಕೆ ಮೈದಾ ಮತ್ತು ಐಸ್‌ನಷ್ಟು ತಣ್ಣಗಿನ ಸೋಡಾ ನೀರು, ಅಷ್ಟೇ. ಎಣ್ಣೆಯ ವಿಷಯಕ್ಕೆ ಇನ್ನೊಂದು ದಾರಿ ಹುಡುಕಿದೆ. ಅವರು ವಾರಕ್ಕೆ ಯಾವ ದಿನ ಎಣ್ಣೆ ಬದಲಿಸುತ್ತಾರೆ ಅಂತ ವಿಚಾರಿಸಿ, ಆ ದಿನವೇ ಟೇಬಲ್ ಹಿಡಿದೆ. ಐದೂವರೆಗೆ ಹೋದರೆ ಹೊಸ ಎಣ್ಣೆಗೆ ಬೀಳುವ ಮೊದಲ ಪದಾರ್ಥ ನಮ್ಮದೇ. ಮಂಗಳವಾರ ಅನ್ನುವುದು ಹೀಗೆ ಎರಡು ಕಾರಣಕ್ಕೆ ಕೂಡಿಬಂತು.

ಮಿಸೊ ಸೂಪಿಗೆ ಕೊಂಬು ಅನ್ನುವ ಒಣ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆಯನ್ನು ತಣ್ಣೀರಲ್ಲಿ ನಾಲ್ಕೈದು ಗಂಟೆ ನೆನೆಹಾಕಿ ತೆಗೆದ ರಸ. ಇದು ಅವರಿಗೇನೂ ಹೊಸದಲ್ಲ. ಜಪಾನಿನ ಬೌದ್ಧ ಮಠಗಳ ಅಡುಗೆ ಇದೇ ದಾರಿಯದು. ಕೇಳುವವರಿಲ್ಲ, ಅದಕ್ಕೇ ಮಾಡಲ್ಲ.

ಈಗ ದುಡ್ಡು. ಮೆನು ನೋಡಿ ಆರ್ಡರ್ ಮಾಡಿದರೆ ಕರಿ 18ರಿಂದ 20, ದೊಡ್ಡ ರೋಲ್ 16, ಸ್ಟಾರ್ಟರ್ 10. ಒಬ್ಬೊಬ್ಬರೂ ತಮಗೆ ಬೇಕಾದ್ದು ಹೇಳಿ, ಅರ್ಧ ಮಿಕ್ಕಿ, ಡಬ್ಬ ಕಟ್ಟಿಸಿಕೊಂಡು ಹೋಗುವುದು ನಮ್ಮ ಪದ್ಧತಿ. ನಾನು ತಲೆಗೆ 35 ಡಾಲರ್ ಅಂತ ಒಂದೇ ರೇಟ್ ಮಾತಾಡಿದೆ. ಅವರು 40 ಅಂದಿದ್ದರು. 14 ಜನ ಅಂದರೆ ಹತ್ತಿರ ಹತ್ತಿರ 500, ಅದೂ ಖಾಲಿ ಮಂಗಳವಾರ. ಸ್ವಲ್ಪ ಹೊತ್ತು ಲೆಕ್ಕ ಹಾಕಿ ಒಪ್ಪಿದರು. ಮೇಲೆ ನ್ಯೂಜೆರ್ಸಿ ತೆರಿಗೆ 6.625%. ಟಿಪ್ 20%, ಅದು ತೆರಿಗೆಗೆ ಮುಂಚಿನ ಮೊತ್ತದ ಮೇಲೆ. ಎಲ್ಲ ಸೇರಿ ತಲೆಗೆ 45 ಒಳಗೆ. ಮೊದಲ ಸಲ ಸೌತೆಕಾಯಿಗೆ ಕೊಟ್ಟದ್ದಕ್ಕಿಂತ ಕಡಿಮೆ! ದುಡ್ಡನ್ನು ಮೂರು ದಿನ ಮುಂಚೆಯೇ ಝೆಲ್ (ಫೋನಿನಲ್ಲೇ ಹಣ ಕಳಿಸುವುದು) ಮಾಡಿಸಿಕೊಂಡೆ. ಇದಕ್ಕೆ ಬೈಸಿಕೊಂಡೆ ಕೂಡ. "ಏನು ಗುರು, ಮದುವೆ ಚೌಲ್ಟ್ರಿ ಅಡ್ವಾನ್ಸಾ?" ಅಂದರು. ಹೌದು, ಹಾಗೇ. ಕೊಟ್ಟವರು ಕೊನೇ ಗಳಿಗೆಯಲ್ಲಿ ಕೈ ಕೊಡಲ್ಲ.

ನ್ಯೂಜೆರ್ಸಿಯ ಒಂದು ಅನುಕೂಲ ಇಲ್ಲಿ ಕೈ ಹಿಡಿಯಿತು. ಈ ರಾಜ್ಯದಲ್ಲಿ ಊರಿನ ಜನಸಂಖ್ಯೆಯ ಲೆಕ್ಕದಲ್ಲಿ, 3,000 ಜನಕ್ಕೆ ಒಂದು ಅಂತ, ರೆಸ್ಟೋರೆಂಟುಗಳಿಗೆ ಮದ್ಯದ ಲೈಸೆನ್ಸ್ ಕೊಡುತ್ತಾರೆ. ಅದರ ಬೆಲೆ ಚಿಕ್ಕ ಹೋಟೆಲಿನವರ ಕೈಗೆ ಎಟುಕಲ್ಲ. ಹಾಗಾಗಿ ಎಷ್ಟೋ ಒಳ್ಳೆಯ ಜಾಗಗಳು ಬಿವೈಒಬಿ, ನಿಮ್ಮ ಬಾಟಲಿ ನೀವೇ ತನ್ನಿ. ಮ್ಯಾನ್‌ಹಟನ್‌ನಲ್ಲಿ ಒಂದು ಕಾಕ್‌ಟೇಲಿಗೆ ಕೊಡುವ ದುಡ್ಡಿಗೆ ಇಲ್ಲಿ ಒಂದು ಬಾಟಲಿ ರೀಸ್ಲಿಂಗ್ ವೈನ್ ಬರುತ್ತದೆ. ಖಾರದ ಜೊತೆ ಸ್ವಲ್ಪ ಸಿಹಿ ಇರುವ ರೀಸ್ಲಿಂಗ್ ಚೆನ್ನಾಗಿ ಹೋಗುತ್ತದೆ. ಕುಡಿಯದವರಿಗೆ ಅಂತ ಮಾಲಕಿಯನ್ನು ಕೇಳಿಕೊಂಡೇ ಪುನರ್ಪುಳಿ ಶರಬತ್ತು ಒಯ್ದೆ. ಗ್ರೀನ್ ಕರಿ ಮೇಲೆ ಒಂದು ಗುಟುಕು ಪುನರ್ಪುಳಿ, ಆಹಾ! ಇದು ನನ್ನದೇ ಶೋಧ ಅಂತ ದಾಖಲಾಗಲಿ. ಮಾಲಕಿಯೂ ಒಂದು ಲೋಟ ಕುಡಿದು, ಎಲ್ಲಿ ಸಿಗುತ್ತದೆ ಅಂತ ಕೇಳಿದರು.

ಮಧ್ಯೆ ಮನೆಯಲ್ಲೂ ಒಂದಷ್ಟು ಪ್ರಯೋಗ ಮಾಡಿದೆ. ಹಿರಿಯರಿಗೆ ಮೊದಲೇ ರೂಢಿಯಾಗಲಿ ಅಂತ. ಸೋನಾ ಮಸೂರಿಯಲ್ಲಿ ಸುಶಿ ಆಗಲ್ಲ, ಎಷ್ಟು ನೀರು ಹಾಕಿದರೂ ಮುದ್ದೆಯಾಗುತ್ತದೆ ಹೊರತು ಅಂಟಲ್ಲ. ಕ್ಯಾಲ್‌ರೋಸ್‌ನಂಥ ಅಂಟುವ ಅಕ್ಕಿಯೇ ಬೇಕು. ಮೂರು ಕಪ್ ಅಕ್ಕಿಗೆ ಮೂರನೇ ಒಂದು ಕಪ್ ಅಕ್ಕಿ ವಿನೆಗರ್, ಎರಡು ಮೂರು ದೊಡ್ಡ ಚಮಚ ಸಕ್ಕರೆ, ಒಂದು ಚಿಕ್ಕ ಚಮಚದ ಮೇಲೆ ಉಪ್ಪು, ಅಂದಾಜಿಗೆ. ವಿನೆಗರ್ ಬದಲು ನಿಂಬೆರಸ ಹಾಕಿ ನೋಡಿದೆ. ತಣ್ಣನೆ ಚಿತ್ರಾನ್ನಕ್ಕೆ ನೋರಿ ಸುತ್ತಿದ ಹಾಗಾಯಿತು. ಒಂದು ಮಾತ್ರ ಗೆದ್ದಿತು: ಸೌತೆಕಾಯಿ ಜೊತೆ ಮಾವಿನ ಮಿಡಿ ಉಪ್ಪಿನಕಾಯಿಯ ಸಣ್ಣ ಎಸಳು. ಉಪ್ಪಿನಕಾಯಿಯ ರಸ ಪೂರ್ತಿ ಒರೆಸಿ ಹಾಕಬೇಕು, ಇಲ್ಲಾಂದರೆ ನೋರಿ ಒದ್ದೆಯಾಗಿ ಹರಿಯುತ್ತದೆ.

ಆ ಮಂಗಳವಾರ ಸುಶಿ ಬಂದ ಕ್ರಮವನ್ನು ನಾನೇ ಹೇಳಿಕೊಟ್ಟಿದ್ದೆ. ಮೊದಲು ಸೂಪು. ಆಮೇಲೆ ಸುಟ್ಟ ಬದನೆ, ಶಿಟಾಕೆ, ಅವೊಕಾಡೊ ನಿಗಿರಿ (ಅನ್ನದ ಸಣ್ಣ ಉಂಡೆಯ ಮೇಲೆ ಇಟ್ಟದ್ದು). ಆಮೇಲೆ ಶಿಸೊ ಎಲೆ ಮತ್ತು ಉಪ್ಪಿನಲ್ಲಿ ಹಾಕಿದ ಪ್ಲಮ್ ರೋಲ್, ಹುಳಿ ಇಷ್ಟಪಡುವವರಿಗೆ. ಕೊನೆಗೆ ಸಿಹಿಗೆಣಸು. ಎಲ್ಲವನ್ನೂ ಒಂದೇ ದೋಣಿಯಾಕಾರದ ತಟ್ಟೆಯಲ್ಲಿ ಜೋಡಿಸಿ ತರಬೇಡಿ ಅಂದಿದ್ದೆ. ದೋಣಿ ಬಂದರೆ ಫೋಟೊ ತೆಗೆಯುತ್ತಾ ಕೂರುತ್ತಾರೆ, ನೋರಿ ಚರ್ಮದಂತೆ ಎಳೆಯುತ್ತದೆ. ಕೌಂಟರ್‌ನವರು ಇದಕ್ಕೆ ಬಹಳ ಖುಷಿಪಟ್ಟರು.

ಬಿಸಿ ಊಟ ಬಂದಮೇಲೆ ನನಗೆ ಮಾತಾಡುವ ಕೆಲಸವೇ ಉಳಿಯಲಿಲ್ಲ. ಮಾವನವರು ಶಿವಮೊಗ್ಗ ಕಡೆಯವರು. ಗ್ರೀನ್ ಕರಿಯಲ್ಲಿ ಒಂದು ಚೂರು ಎತ್ತಿ ಹಿಡಿದು, "ಅಳಿಯಂದಿರೇ, ಇದು ಕಳಲೆ ಅಲ್ವಾ?" ಅಂದರು. ಕಳಲೆಯೇ. ಪಕ್ಕದಲ್ಲಿ ಕೂತಿದ್ದ ಉಡುಪಿಯ ಅತ್ತೆಯೊಬ್ಬರು ಅದರಲ್ಲಿನ ಗುಂಡು ಹಸಿರು ಬದನೆಯನ್ನು ಚಮಚದಲ್ಲಿ ತಿರುಗಿಸಿ ನೋಡಿ, ಮಟ್ಟುಗುಳ್ಳದ ಮರಿ ಅಂತ ತೀರ್ಪು ಕೊಟ್ಟರು. ಕಳಲೆಯನ್ನು ಎಷ್ಟು ದಿನ ನೀರಲ್ಲಿ ಹಾಕುತ್ತಾರೆ, ಗುಳ್ಳಕ್ಕೆ ಹುಳಿ ಎಷ್ಟು, ಅಂತ ಇಬ್ಬರ ನಡುವೆ ಶುರುವಾದದ್ದು ಮ್ಯಾಂಗೊ ಸ್ಟಿಕಿ ರೈಸ್ ಬರುವವರೆಗೂ ನಿಲ್ಲಲಿಲ್ಲ. ಮಸಮನ್ ಕರಿಯ ಪಾತ್ರೆ ಮೂರನೇ ಸಲ ತುಂಬಿಸಿಕೊಂಡು ಬಂದರು. ಆಲೂಗಡ್ಡೆ, ಕಡಲೆಕಾಯಿ, ಏಲಕ್ಕಿ, ಚಕ್ಕೆ ಇರುವ ಊಟವನ್ನು ನಮ್ಮವರು ಬಿಡುತ್ತಾರಾ? ಸೌತೆಕಾಯಿ ಜೋಕು ಹೊಡೆದವನು ಅನ್ನ ಎರಡು ಸಲ ಹಾಕಿಸಿಕೊಂಡ. ನಾನು ಏನೂ ಅನ್ನಲಿಲ್ಲ, ಫೋಟೊ ಮಾತ್ರ ತೆಗೆದಿಟ್ಟುಕೊಂಡಿದ್ದೇನೆ.

ಎಲ್ಲ ಸರಿ ಹೋಯಿತು ಅಂತ ಅಲ್ಲ. ಸೋಮ್ ತಾಮ್ ಜೇ ಮಾಡಿದಾಗ ಪೇಲವ ಅನ್ನಿಸಿತು. ಮೀನಿನ ಸಾಸಿಲ್ಲದ ಪರಂಗಿಕಾಯಿ ಸಲಾಡಿಗೆ ಉಪ್ಪು-ಹುಳಿ ಹೊಂದಿಸುವುದು ಅವರಿಗೂ ಕಷ್ಟವೇ ಆಯಿತು. ಅದನ್ನು ಪಟ್ಟಿಯಿಂದ ತೆಗೆದೆ. ಥಾಯ್ ಐಸ್ಡ್ ಟೀಗೆ ಹಾಕುವ ಕಂಡೆನ್ಸ್ಡ್ ಹಾಲು ಜೇ ಲೆಕ್ಕಕ್ಕೆ ಬರಲ್ಲ, ಆದರೆ ನಮ್ಮವರಿಗೆ ಹಾಲು ನಡೆಯುತ್ತದಲ್ಲ, ಅದನ್ನು ತರಿಸಿದೆ. ಎರಡನೇ ಕೂಟಕ್ಕೆ ಜನ 20 ದಾಟಿದಾಗ ಸುಶಿ ಕೌಂಟರಿನವರಿಗೆ ಕೈ ಸಾಲಲಿಲ್ಲ, ಕೊನೆಯ ಮೇಜಿಗೆ ನಿಗಿರಿ ಬರಲು ಅರ್ಧ ಗಂಟೆ ಆಯಿತು. ಆದ್ದರಿಂದ 12ರಿಂದ 16, ಅದಕ್ಕಿಂತ ಜಾಸ್ತಿ ಬೇಡ. ಕಡಿಮೆಯೂ ಬೇಡ. ಹತ್ತು ಜನರಿಗೆ ಕೇಳಿ ನೋಡಿದೆ, ಪೇಸ್ಟ್ ಅರೆಯಲು ಒಪ್ಪಲಿಲ್ಲ.

ರೇಟು ಈಗ 38 ಆಗಿದೆ. ಚೌಕಾಸಿ ಮಾಡಿದೆ, ತೆಂಗಿನ ಹಾಲಿನ ಬೆಲೆ ತೋರಿಸಿದರು. ಮುಂದಿನ ಸಲಕ್ಕೆ ಖಾವೊ ಸೋಯ್, ಅಂದರೆ ಥಾಯ್ ಕರಿ-ನೂಡಲ್ಸ್, ಮಾಡಿಸಬೇಕು ಅಂತಿದೆ. ಆ ನೂಡಲ್ಸಿನಲ್ಲಿ ಮೊಟ್ಟೆ ಇರುತ್ತದೆ. ಅಕ್ಕಿ ನೂಡಲ್ಸ್ ಹಾಕಿದರೆ ಅದು ಖಾವೊ ಸೋಯ್ ಅಲ್ಲ ಅಂತ ಮಾಲಕಿ ಹಟ ಹಿಡಿದಿದ್ದಾರೆ. ಮೊಟ್ಟೆಯಿಲ್ಲದ ಗೋಧಿ ನೂಡಲ್ಸ್ ಎರಡು ಪ್ಯಾಕೆಟ್ ತಂದಿಟ್ಟಿದ್ದೇನೆ. ಬರುವ ವಾರ ಮೂರು ಗಂಟೆಗೆ ಹೋಗಿ ತೋರಿಸಿ ಬರುತ್ತೇನೆ.