‘ಬೇಡ’ ಅಂದವರ ಪಕ್ಕ ಕೂತು ಕಲಿತದ್ದು

ಬೀದಿಯಲ್ಲಿ ಮಲಗುವವರನ್ನು ಮಾತಾಡಿಸಿ ಆಶ್ರಯ ಕೇಂದ್ರಕ್ಕೆ ಕರೆತರುವುದು ನನ್ನ ಕೆಲಸ. ಶುರುವಿನಲ್ಲಿ ಒಂದು ವಿಷಯ ಅರ್ಥವೇ ಆಗುತ್ತಿರಲಿಲ್ಲ. ಒಳಗೆ ಹಾಸಿಗೆ ಖಾಲಿ ಇದೆ, ಹೊರಗೆ ಮಳೆ. ಆದರೂ ‘ಬೇಡ’ ಅಂತಾರಲ್ಲ, ಯಾಕೆ?

ಒಬ್ಬ ಹಿರಿಯರಿದ್ದರು. ಚೀಲದ ಪಟ್ಟಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೇ ಮಲಗುತ್ತಿದ್ದರು. ಮೊದಲ ದಿನವೇ ನಾನು ಫಾರಂ ತೆಗೆದೆ. ಹೆಸರು, ವಯಸ್ಸು, ಕುಡಿತ ಇದೆಯಾ, ಮನೆಯವರು ಎಲ್ಲಿ? ಅಲ್ಲಿಗೆ ಅವರು ಮುಖ ತಿರುಗಿಸಿದರು. ಮಾರನೆಯ ದಿನ ಆ ಜಾಗದಲ್ಲಿ ಇರಲಿಲ್ಲ. ತಪ್ಪು ನನ್ನದೇ. ಆ ಪ್ರಶ್ನೆಯನ್ನು ನಾನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. ಅವರು ಅದರ ಉತ್ತರವನ್ನು ಎಷ್ಟು ವರ್ಷದಿಂದ ಯಾರಿಗೂ ಹೇಳಿರಲಿಲ್ಲವೋ.

ಮತ್ತೆ ಸಿಕ್ಕಾಗ ಫಾರಂ ಹೊರಗೆ ತೆಗೆಯಲಿಲ್ಲ. ಸ್ವಲ್ಪ ದೂರದಲ್ಲಿ ನೆಲದ ಮೇಲೆ ಸುಮ್ನೆ ಕೂತೆ. ‘ಮಂಗಳವಾರ ಇದೇ ಹೊತ್ತಿಗೆ ಬರ್ತೀನಿ’ ಅಂದೆ. ಬಂದೆ. ಹೀಗೆ ಏಳು ವಾರ. ಆಮೇಲೆ ಅವರೇ ಕೇಳಿದರು: ‘ಒಳಗೆ ಬಂದ್ರೆ ಚೀಲ ಕಿತ್ಕೋತೀರಾ?’ ಹಿಂದೆ ಎಲ್ಲೋ ಅಲ್ಲಿನವರು ಇವರ ಚೀಲ ಒಳಗಿಡಿಸಿಕೊಂಡು ಕಳೆದುಹಾಕಿದ್ದರಂತೆ. ಕೇಂದ್ರದವರ ಹತ್ತಿರ ಮಾತಾಡಿ ಚೀಲ ಜೊತೆಯಲ್ಲೇ ಇರಲಿ ಅಂತ ಒಪ್ಪಿಸಿದೆ. ಹಾಸಿಗೆ ಅವರೇ ಆರಿಸಿಕೊಂಡರು, ಬಾಗಿಲ ಪಕ್ಕದ್ದು. ಎರಡನೇ ರಾತ್ರಿ ಎದ್ದು ಹೋದರು. ನಾವು ಹೆಸರು ಹೊಡೆದುಹಾಕಲಿಲ್ಲ. ನಾಲ್ಕನೇ ದಿನ ವಾಪಸ್ ಬಂದರು.

ಎಲ್ಲರ ಕಾರಣ ಒಂದೇ ಅಲ್ಲ. ಸಾಲಿನಲ್ಲಿ ನಿಂತರೆ ಗೊತ್ತಿದ್ದವರು ನೋಡುತ್ತಾರೆ ಅನ್ನುವ ನಾಚಿಕೆ ಕೆಲವರಿಗೆ. ರಾತ್ರಿಯಿಡೀ ಎಚ್ಚರವಿದ್ದವರಿಗೆ ಬೆಳಿಗ್ಗೆ ಹತ್ತರ ಅಪಾಯಿಂಟ್‌ಮೆಂಟ್ ನೆನಪಿರುವುದು ಕಷ್ಟ. ಅದನ್ನು ನಾವು ‘ಆಸಕ್ತಿ ಇಲ್ಲ’ ಅಂತ ಬರೆದುಕೊಳ್ಳುತ್ತೇವೆ. ಅನ್ಯಾಯ ಅಲ್ವಾ? ಇನ್ನು ‘ಏನು ಮಾಡಿದ್ರೂ ಅಷ್ಟೇ’ ಅನ್ನುವವರು ಜಾಸ್ತಿ. 1967ರಲ್ಲಿ ಮನೋವಿಜ್ಞಾನಿಗಳಾದ ಸೆಲಿಗ್‌ಮನ್ ಮತ್ತು ಮೇಯರ್ ಇದನ್ನು ಕಲಿತ ಅಸಹಾಯಕತೆ ಎಂದು ವಿವರಿಸಿದ್ದರು, ಅಂದರೆ ಏನು ಮಾಡಿದರೂ ಪ್ರಯೋಜನವಿಲ್ಲ ಅಂತ ಅನುಭವದಿಂದ ಕಲಿತು ಕೈಚೆಲ್ಲುವುದು. 2016ರಲ್ಲಿ ಅವರೇ ಅದನ್ನು ತಿದ್ದಿದರು. ಬಹಳ ಕಾಲ ನೋವು ತಿಂದ ಜೀವ ಕೈಚೆಲ್ಲುವುದು ಸಹಜ, ‘ನನ್ನ ಕೈಯಲ್ಲೂ ಏನೋ ಇದೆ’ ಅನ್ನುವುದನ್ನೇ ಕಲಿಯಬೇಕಾಗುತ್ತದೆ ಅಂದರು. ಬಾಗಿಲ ಪಕ್ಕದ ಹಾಸಿಗೆ ಯಾಕೆ ಅಷ್ಟು ಮುಖ್ಯವಾಯಿತು ಅಂತ ನನಗೆ ಆಗ ಹೊಳೆಯಿತು.

ಹಾಗಾಗಿ ಈಗ ಮೊದಲು ಆಯ್ಕೆ ಕೊಡುತ್ತೇನೆ. ಎಲ್ಲಿ ಕೂರೋಣ, ಯಾವಾಗ ಬರಲಿ, ಯಾವ ಹಾಸಿಗೆ ಬೇಕು ಅಂತ ಕೇಳುತ್ತೇನೆ. ‘ಬೇಡ’ ಅಂದರೆ ಒತ್ತಾಯ ಮಾಡುವುದಿಲ್ಲ, ಮುಂದಿನ ವಾರ ಮತ್ತೆ ಹೋಗುತ್ತೇನೆ.

ಆ ಹಿರಿಯರ ಫಾರಂ ತುಂಬಿದ್ದು ಹನ್ನೊಂದನೇ ವಾರ. ಮನೆಯವರ ಸಾಲನ್ನು ಖಾಲಿ ಬಿಟ್ಟೆವು.